ಪ್ರವಾಸ ಭತ್ಯೆ

ಗಿಣಿಗೇರಿಯಲ್ಲಿ ಬಟ್ಟೆ ಒಣಹಾಕುವವರು
ಮೊದಲು ಗಾಳಿ ಯಾವ ಕಡೆಯದೆಂದು ನೋಡುತ್ತಾರೆ.
ಫ್ಯಾಕ್ಟರಿ ಕಡೆಯದಾದರೆ
ಬಿಳಿ ಅಂಗಿ ಸಂಜೆಗೆ ಬೂದಿ.
ನನ್ನದು ಲೆಕ್ಕದ ಕೋಣೆ, ಒಳಗೆ ಎ.ಸಿ.,
ಆದರೂ ಕೀಲಿಮಣೆಯ ಸಂದಿಗಳಲ್ಲಿ ಕಪ್ಪು.
ಸೊನ್ನೆಯ ಗುಂಡಿಯೊಂದೇ ಸ್ವಚ್ಛ,
ಬಹಳ ಒತ್ತಿದ್ದಕ್ಕೆ.

ಆ ಮಾರ್ಚಿನಲ್ಲಿ ಎಲ್ಲರಿಗೂ ಪ್ರವಾಸ ಭತ್ಯೆ ಬಂತು.
ಇನ್ನೂರ ಹನ್ನೆರಡು ಮಂದಿಗೆ, ತಲಾ ಹದಿನೈದು ಸಾವಿರ.
ಕ್ರೇನಿನ ಯಮನೂರಪ್ಪನಿಗೆ (ಅವನ ಪ್ರವಾಸ
ಮನೆಯಿಂದ ಗೇಟಿನವರೆಗೆ, ನಡಿಗೆ),
ತೂಕದ ಕಟ್ಟೆಯ ಮೌಲಾಹುಸೇನನಿಗೆ,
ಎರಡು ದಿನ ರೈಲಿನಲ್ಲಿ ನಿಂತು ಬಂದ
ಛಾಪ್ರಾದ ರಾಮಪ್ರವೇಶನಿಗೆ,
ಕ್ಯಾಂಟೀನಿನ ದುರುಗವ್ವನಿಗೆ, ನನಗೆ.

ಬೆಳಿಗ್ಗೆ ಫೋನುಗಳೆಲ್ಲ ಒಮ್ಮೆಲೇ ಕುಂಯ್ ಅಂದವು.
ಸಂಜೆ ಇನ್ನೊಮ್ಮೆ.
ನಡುವೆ ಏಳು ತಾಸು
ನಾವು ಹದಿನೈದು ಸಾವಿರದವರಾಗಿದ್ದೆವು.
ಊಟದ ಹೊತ್ತಿನಲ್ಲಿ ಯಮನೂರಪ್ಪ
ಫ್ರಿಜ್ಜಿನ ದರ ಕೇಳಿಬಂದನಂತೆ, ಸುಮ್ಮನೆ.

ಚೆಕ್ಕುಗಳು ಮೊದಲೇ ನನ್ನ ಡ್ರಾದಲ್ಲಿದ್ದವು,
ಸಹಿ ಮಾಡಿಸಿ, ರಬ್ಬರ್ ಬ್ಯಾಂಡು ಹಾಕಿ.
“ಸ್ವಇಚ್ಛೆಯಿಂದ ಅಂತ ಬರೀರಿ,” ಎಂದರು ಸಾಹೇಬರು,
“ಎಲ್ಲರದೂ ಒಂದೇ ಥರ ಬರೀರಿ.”
ಒಂದು ಸ್ವಇಚ್ಛೆ ಟೈಪಿಸಿ
ಇನ್ನೂರ ಹನ್ನೊಂದು ನಕಲು ಎಳೆದೆ.
ಎಂಬತ್ತೇಳನೆಯ ಸಾಲಿನಲ್ಲಿ ನನ್ನ ಹೆಸರು ಬಂತು.
ಬೆರಳು ನಿಲ್ಲಲಿಲ್ಲ.

ಯಾವ ಪಕ್ಷಕ್ಕೆ? ಮೌಲಾಹುಸೇನ್ ಒಬ್ಬನೇ ಕೇಳಿದ.
“ಗೆಲ್ಲೋ ಪಕ್ಷಕ್ಕೆ ಮಾರಾಯ.”

ತಿಂಗಳಿಗೆ ರಸೀದಿ ಬಂದವು.
ದಪ್ಪ ಕಾಗದ, ನೆತ್ತಿಯಲ್ಲಿ ನಾಯಕರ ನಗು.
‘ಶ್ರೀಮತಿ ದುರುಗವ್ವ ಇವರಿಂದ ಧನ್ಯವಾದಪೂರ್ವಕ.’
ಇದುವರೆಗೆ ಅವಳ ಹೆಸರಿಗೆ
ಯಾರೂ ಶ್ರೀಮತಿ ಹಚ್ಚಿರಲಿಲ್ಲ,
ರೇಷನ್ ಕಾರ್ಡು ಸಹ.
ಓದಿಸಿ ಕೇಳಿದಳು. ಮತ್ತೊಮ್ಮೆ ಓದು ಅಂದಳು.
“ಕೊಟ್ಟಾಕಿ ನಾನಽ?”
“ಹೂಂ ಯವ್ವಾ, ನೀನಽ.”
ಹಿಟ್ಟಿನ ಕೈ ಸೆರಗಿಗೆ ಒರೆಸಿ
ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅಭ್ಯರ್ಥಿ ಊರಿಗೆ ಬಂದ ದಿನ
ಮುಂದೆ ಕಂಪನಿಯ ಟ್ಯಾಂಕರು ಧೂಳಿಗೆ ನೀರು ಹೊಡೆಯುತ್ತ,
ಹಿಂದೆ ಹಲಗಿ, ಅದರ ಹಿಂದೆ ತೆರೆದ ಜೀಪು.
ದುರುಗವ್ವ ಅಡ್ಡ ನಿಂತಳು.
ಆರತಿ ಎಂದುಕೊಂಡು ಅವರು ಬಾಗಿದರು.
ಅವಳು ಹಿಡಿದದ್ದು ರಸೀದಿ.

“ಯಪ್ಪಾ, ನಿನಗ ಹದಿನೈದು ಸಾವಿರ ಕೊಟ್ಟೀನಿ ನಾ.
ಬಡ್ಡಿ ಬ್ಯಾಡ.
ರಾತ್ರಿ ಹನ್ನೊಂದರ ಮ್ಯಾಲೆ ಮಿಷನ್ ಬಂದ್ ಮಾಡಿ
ನಮ್ಮ ಓಣಿ ಮ್ಯಾಲೆ ಹೊಗಿ ಬಿಡ್ತಾರ.
ಮೊಮ್ಮಗಳು ಕೆಮ್ಮಿದ್ರ ಉಗುಳೂ ಕರ್ರಗ.
ಅಷ್ಟು ಹೇಳಿಬಿಡು ಅವರಿಗೆ.
ನಾ ಹೇಳಿದ್ರ ಕೇಳಂಗಿಲ್ಲ,
ನಾ ಅಲ್ಲೇ ರೊಟ್ಟಿ ಬಡಿಯಾಕಿ.”

ಅವರು ಕಾಗದ ಓದಿದರು.
ಪಕ್ಕದಲ್ಲಿದ್ದ ನಮ್ಮ ಸಾಹೇಬರ ಮುಖ ನೋಡಿದರು.
ಕೈ ಮುಗಿದರು, ಜೀಪು ಹೊರಟಿತು.
ಹಲಗಿ ಸ್ವಲ್ಪ ಹೊತ್ತು ತಾಳ ತಪ್ಪಿತ್ತು.

ಮರುದಿನ ಸುತ್ತೋಲೆ, ನಾನೇ ಟೈಪಿಸಿದ್ದು:
ಆಡಿಟ್ ಸಲುವಾಗಿ ರಸೀದಿಗಳನ್ನು ಹಿಂದಿರುಗಿಸತಕ್ಕದ್ದು.
ಇನ್ನೂರ ಹತ್ತು ಬಂದವು.
“ನಂದು ಇಲಿ ತಿಂತು,” ಅಂದಳು ದುರುಗವ್ವ.
ಬಸ್ ಸ್ಟ್ಯಾಂಡಿನ ಜೆರಾಕ್ಸ್ ಹುಡುಗ ನನಗೆ ಹೇಳಿದ,
ಲ್ಯಾಮಿನೇಷನ್ನಿಗೆ ಮೂವತ್ತು ರೂಪಾಯಿ ಕೊಟ್ಟುಹೋದಳಂತೆ.
ಆ ಮಾತು ನಾನು ಯಾರಿಗೂ ಮುಟ್ಟಿಸಲಿಲ್ಲ.
ಕೆಲವು ರಾತ್ರಿ ಅದೇ ನನ್ನ ಶೌರ್ಯ ಅನ್ನಿಸುತ್ತದೆ.

ಬಾರದ ಇನ್ನೊಂದು ರಸೀದಿ ನನ್ನದು.
ಜುಲೈ ತಿಂಗಳ ರಿಟರ್ನಿಗೆಂದು ಎತ್ತಿಟ್ಟಿದ್ದೆ.
ಪಕ್ಷಕ್ಕೆ ಕೊಟ್ಟದ್ದಕ್ಕೆ ತೆರಿಗೆ ಮಾಫಿ,
ನಿಯಮ ನನಗಲ್ಲದೆ ಇನ್ನಾರಿಗೆ ಗೊತ್ತು.
ನನ್ನದಲ್ಲದ ಹಣ ಕೊಟ್ಟು
ಮೂರು ಸಾವಿರದ ನೂರಿಪ್ಪತ್ತು ನನ್ನದಾಯಿತು.
ಒಂದಿಷ್ಟು ಕೂಡಿಸಿ ಮಗಳಿಗೆ ಸೈಕಲ್ ತಂದೆ,
ತಿಳಿನೀಲಿ ಬಣ್ಣದ್ದು.
ಬೆಳಿಗ್ಗೆ ಸೀಟಿನ ಕರಿ ಧೂಳಿನಲ್ಲಿ
ಬೆರಳಿಂದ ಅವಳು ತನ್ನ ಹೆಸರು ಬರೆಯುತ್ತಾಳೆ,
ಆಮೇಲೆ ಒರೆಸಿ ಹತ್ತುತ್ತಾಳೆ.
ಸೈಕಲ್ ಚಲೋ ಐತಿ.